ಒಂದು ಗ್ರಾಂ ಬಂಗಾರ, ನೂರಿಪ್ಪತ್ತು ಎಲೆ

ಯುಗಾದಿಯ ದಿನ ಬೇವು-ಬೆಲ್ಲ ಹಂಚಿ, ಒಬ್ಬಟ್ಟಿನ ಊಟ ಮುಗಿದು, ಗಂಡಸರು ಒಬ್ಬೊಬ್ಬರಾಗಿ ಜಗಲಿಗೆ ಬರುವ ಹೊತ್ತಿಗೆ ನಮ್ಮ ಬಡವನಹಳ್ಳಿಯಲ್ಲಿ ಇಸ್ಪೀಟಿನ ಎಲೆಗಳು ಹೊರಬೀಳುತ್ತವೆ. ವರ್ಷವಿಡೀ ಎಲೆ ಮುಟ್ಟದವರೂ ಅವತ್ತು ಒಂದು ಕೈ ಕೂರುತ್ತಾರೆ. ಈ ಸಲ ಬೆಂಗಳೂರಿನಿಂದ ಬಂದಿದ್ದ ನನ್ನ ತಂಗಿಯ ಮಗಳು ತನ್ನ ಚೀಲದಿಂದ ಕಪ್ಪು ಪೆಟ್ಟಿಗೆಯೊಂದನ್ನು ತೆಗೆದು ಚಾಪೆಯ ಮೇಲೆ ಇಟ್ಟಳು. ಮುಚ್ಚಳದ ಮೇಲೆ ಬಂಗಾರದ ಬಳ್ಳಿ, ತಳದಲ್ಲಿ ಪುಟ್ಟ ಅಂಕಿ: 1000ದಲ್ಲಿ 417. ಅಂದರೆ ಇಂಥವು ಲೋಕದಲ್ಲಿ ಸಾವಿರವೇ ಇವೆ, ಇದು ನಾನೂರ ಹದಿನೇಳನೆಯದು. ಕಟ್ಟನ್ನು ಹೊರತೆಗೆದಾಗ ನಾಲ್ಕೂ ಬದಿಯ ಅಂಚು ಬಿಸಿಲಿಗೆ ಹೊಳೆದು, ಅದು ಎಲೆಗಳ ಕಟ್ಟಲ್ಲ, ಚಿನ್ನದ ಗಟ್ಟಿ ಅನ್ನಿಸಿತು.

ಎಂಬತ್ತು ದಾಟಿದ ನಮ್ಮ ದೊಡ್ಡಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಅಕ್ಕಸಾಲಿಗರ ಹಾಗೆ ಎರಡು ಸಲ ಮೇಲೆ ಕೆಳಗೆ ತೂಗಿ ನೋಡಿದರು.

‘ಇದ್ರಾಗೆ ಎಷ್ಟು ಚಿನ್ನ ಐತವ್ವ?’

‘ಗೊತ್ತಿಲ್ಲ ತಾತ. ಮಾಮನ್ನ ಕೇಳು, ಅವರು ವಿಜ್ಞಾನ ಬರೀತಾರಲ್ಲ’ ಅಂದು ಅವಳು ಜಾರಿಕೊಂಡಳು.

ಹೀಗೆ ನನ್ನ ತಲೆಗೆ ಬಿದ್ದ ಲೆಕ್ಕವಿದು. ಮೊದಲು ಅಳತೆ. ಪೋಕರ್ ಅಳತೆಯ ಎಲೆ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ ಇರುತ್ತದೆ. ದಪ್ಪ ಸುಮಾರು 0.3 ಮಿಲಿಮೀಟರ್. ಜೋಕರ್ ಸೇರಿ 54 ಎಲೆ ಅಂದರೆ ಕಟ್ಟಿನ ಎತ್ತರ 16 ಮಿಲಿಮೀಟರ್. ನಾಲ್ಕು ಬದಿಯ ಸುತ್ತಳತೆ 302 ಮಿಲಿಮೀಟರ್. ಎರಡನ್ನೂ ಗುಣಿಸಿದರೆ ಚಿನ್ನ ಹತ್ತಿಸಬೇಕಾದ ಜಾಗ ಸುಮಾರು 48 ಚದರ ಸೆಂಟಿಮೀಟರ್, ಅಂದರೆ ಒಂದು ಅಂಗೈಯಷ್ಟೂ ಇಲ್ಲ. ಇನ್ನು ದಪ್ಪ. ಬಡಿದು ಮಾಡಿದ ಚಿನ್ನದ ರೇಕು ಒಂದು ಮೈಕ್ರೋಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಅಂಥ ಏಳುನೂರು ರೇಕು ಒಂದರ ಮೇಲೊಂದು ಪೇರಿಸಿದರೆ ನಿಮ್ಮ ಒಂದು ತಲೆಗೂದಲ ದಪ್ಪ ಆದೀತು. ಚಿನ್ನದ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ. ಎಲ್ಲ ಸೇರಿಸಿ ಗುಣಿಸಿದರೆ ಉತ್ತರ 9 ಮಿಲಿಗ್ರಾಂ.

ದೊಡ್ಡಪ್ಪನಿಗೆ ಮಿಲಿಗ್ರಾಂ ಹೇಳಿ ಪ್ರಯೋಜನವಿಲ್ಲ. ಹಳೆಯ ಅಕ್ಕಸಾಲಿಗರ ತಕ್ಕಡಿಯ ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ‘ಒಂದು ಗುಲಗಂಜಿ ತೂಕದ ಚಿನ್ನ ತಂದರೆ ಇಂಥ ಹದಿಮೂರು ಕಟ್ಟಿಗೆ ಸಾಕು ದೊಡ್ಡಪ್ಪ’ ಅಂದೆ. ಗ್ರಾಂಗೆ ಹತ್ತು ಸಾವಿರ ರೂಪಾಯಿ ಎಂದು ಹಿಡಿದರೆ ಒಂದು ಕಟ್ಟಿನ ಚಿನ್ನಕ್ಕೆ ನೂರು ರೂಪಾಯಿ ಆಗುವುದಿಲ್ಲ. ಅವರು ಕಟ್ಟನ್ನು ಕೆಳಗಿಟ್ಟು, ‘ಹಂಗಾದ್ರೆ ಅವಳು ಕೊಟ್ಟ ನಾಲ್ಕು ಸಾವಿರ ಎಲ್ಲಿಗೋಯ್ತು?’ ಅಂದರು. ಈ ಅಧ್ಯಾಯ ಬರೆಯುತ್ತಿರುವುದೇ ಆ ಪ್ರಶ್ನೆಯಿಂದ.

ನಿಜ ಹೇಳಬೇಕೆಂದರೆ ಆ 9 ಮಿಲಿಗ್ರಾಂ ಕೂಡ ಅದರಲ್ಲಿ ಇದ್ದ ಹಾಗೆ ಕಾಣಲಿಲ್ಲ. ಇಂದು ಮಾರುಕಟ್ಟೆಗೆ ಬರುವ ಚಿನ್ನದಂಚಿನ ಎಲೆಗಳಲ್ಲಿ ಬಹಳಷ್ಟಕ್ಕೆ ಹತ್ತಿಸುವುದು ಅಲ್ಯೂಮಿನಿಯಂ. ಪಾಲಿಯೆಸ್ಟರ್ ಹಾಳೆಯೊಂದನ್ನು ನಿರ್ವಾತದ ಪೆಟ್ಟಿಗೆಯೊಳಗೆ ಓಡಿಸುತ್ತಾ, ಕೆಳಗೆ ಅಲ್ಯೂಮಿನಿಯಂ ಕಾಯಿಸಿ ಆವಿ ಮಾಡುತ್ತಾರೆ. ಆವಿ ತಣ್ಣನೆಯ ಹಾಳೆಗೆ ಬಡಿದು ಕನ್ನಡಿಯಂತೆ ಕೂರುತ್ತದೆ. ಅದರ ಮೇಲ್ಗಡೆ ಹಳದಿ ಮೆರುಗೆಣ್ಣೆಯ ಒಂದು ಪದರ ಇರುತ್ತದೆ. ಬಿಳಿ ಲೋಹ ಹಳದಿ ಕನ್ನಡಕದ ಮೂಲಕ ಕಂಡರೆ ಚಿನ್ನ. ಈ ಹಾಳೆಯನ್ನು ಬಿಸಿ ರೋಲರಿನಿಂದ ಅಂಚಿಗೆ ಒತ್ತಿದಾಗ ಅಂಟು ಕರಗಿ, ಲೋಹ ಮತ್ತು ಬಣ್ಣ ಎಲೆಗೆ ಹತ್ತಿ, ಪಾಲಿಯೆಸ್ಟರ್ ಕಳಚಿಕೊಳ್ಳುತ್ತದೆ. ಮದುವೆ ಕರೆಯೋಲೆಯ ಮೇಲಿನ ಹೊಳೆಯುವ ಗಣಪತಿಯೂ ಇದೇ ಕುಲ. ಇಂಥ ಲೇಪ ಎಷ್ಟು ತೆಳು ಎಂದು ನೋಡಬೇಕಾದರೆ ಅಂಗಡಿಯಿಂದ ಒಂದು ಚಿಪ್ಸ್ ಪೊಟ್ಟಣ ತಂದು, ಖಾಲಿ ಮಾಡಿ, ಬೆಳ್ಳಗೆ ಹೊಳೆಯುವ ಹಾಳೆಯನ್ನು ಉರಿಯುವ ಬಲ್ಬಿಗೆ ಅಡ್ಡ ಹಿಡಿಯಿರಿ. ಲೋಹದ ಗೋಡೆ ಅಂದುಕೊಂಡಿದ್ದರ ಆಚೆಯಿಂದ ಬಲ್ಬು ಮಂಕಾಗಿ ಇಣುಕುತ್ತದೆ. ಅಷ್ಟು ತೆಳು ಆ ಅಲ್ಯೂಮಿನಿಯಂ.

ನಿಜವಾದ ಚಿನ್ನದ ರೇಕನ್ನೂ ಹೀಗೇ ಬೆಳಕಿಗೆ ಹಿಡಿದರೆ ಇನ್ನೊಂದು ಸೋಜಿಗ. ಅದರ ಮೂಲಕ ಬರುವ ಬೆಳಕು ಹಸಿರು. ಕೆಂಪು-ಹಳದಿಯನ್ನು ಚಿನ್ನ ನಮ್ಮತ್ತ ಹಿಂದಕ್ಕೆ ಎಸೆಯುತ್ತದೆ, ಕಡುನೀಲಿಯನ್ನು ನುಂಗುತ್ತದೆ, ನಡುವಿನ ಹಸಿರಿನಲ್ಲಿ ಅಷ್ಟಿಷ್ಟು ಆಚೆಗೆ ಜಾರುತ್ತದೆ. ಮೈಕೆಲ್ ಫ್ಯಾರಡೆ ಈ ಹಸಿರಿನ ಬೆನ್ನು ಹತ್ತಿ ಹೋಗಿ 1857ರಲ್ಲಿ ಚಿನ್ನ ಮತ್ತು ಬೆಳಕಿನ ನಂಟಿನ ಮೇಲೆ ದೊಡ್ಡ ಉಪನ್ಯಾಸವನ್ನೇ ಕೊಟ್ಟ. ಚಿನ್ನ ನೀಲಿಯನ್ನು ಯಾಕೆ ನುಂಗುತ್ತದೆ ಎಂಬುದಕ್ಕೆ ಉತ್ತರ ಸಿಗಲು ಐನ್‌ಸ್ಟೈನ್ ಬರಬೇಕಾಯಿತು. ಚಿನ್ನದ ಬೀಜಕೇಂದ್ರದಲ್ಲಿ 79 ಪ್ರೋಟಾನ್‌ಗಳಿವೆ. ಆ ಸೆಳೆತಕ್ಕೆ ತೀರಾ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚು ವೇಗ ಪಡೆಯುತ್ತವೆ. ಸಾಪೇಕ್ಷತೆಯ ಪರಿಣಾಮ ಅಲ್ಲಿ ಗಣನೀಯವಾಗಿ ಹೊರ ಕಕ್ಷೆ ಒಳಕ್ಕೆ ಕುಗ್ಗುತ್ತದೆ. ಕಕ್ಷೆಗಳ ನಡುವಿನ ಶಕ್ತಿಯ ಅಂತರ ನೀಲಿ ಬೆಳಕು ತುಂಬಬಲ್ಲಷ್ಟು ಕಿರಿದಾಗುತ್ತದೆ. ಇಲ್ಲದಿದ್ದರೆ ಚಿನ್ನವೂ ಬೆಳ್ಳಿಯ ಹಾಗೆ ಬೆಳ್ಳಗೇ ಇರುತ್ತಿತ್ತು, ಆಗ ಮದುವೆ ಮಾತುಕತೆಗಳು ಹೇಗೆ ನಡೆಯುತ್ತಿದ್ದವೋ.

ಇಷ್ಟು ತೆಳ್ಳಗೆ ಬಡಿಸಿಕೊಂಡರೂ ಹರಿಯದೆ ಉಳಿಯುವ ಗುಟ್ಟನ್ನು ಇಸ್ಪೀಟಿನ ಕಟ್ಟೇ ಹೇಳಿಕೊಡುತ್ತದೆ. ಕಟ್ಟನ್ನು ಚಾಪೆಯ ಮೇಲೆ ಇಟ್ಟು ಮೇಲಿನಿಂದ ಅಡ್ಡಕ್ಕೆ ಮೆಲ್ಲಗೆ ತಳ್ಳಿ. ಎಲೆ ಎಲೆ ಜಾರಿ ಕಟ್ಟು ಓರೆಯಾಗುತ್ತದೆ, ಒಂದೆಲೆಯೂ ಹರಿಯುವುದಿಲ್ಲ. ಚಿನ್ನದ ಪರಮಾಣುಗಳೂ ಒತ್ತೊತ್ತಾದ ಪದರಗಳಲ್ಲಿ ಕೂತಿವೆ. ಎಲೆಕ್ಟ್ರಾನುಗಳು ಯಾರೊಬ್ಬರ ಸೊತ್ತೂ ಅಲ್ಲದೆ ಎಲ್ಲ ಕಡೆ ಓಡಾಡುವುದರಿಂದ ಪದರ ಜಾರಿದರೂ ಬಂಧ ಮುರಿಯುವುದಿಲ್ಲ, ಹೊಸ ನೆರೆಯವರೊಂದಿಗೆ ಅದೇ ನಂಟು ಬೆಳೆಯುತ್ತದೆ. ತಾಮ್ರ, ಬೆಳ್ಳಿ, ಅಲ್ಯೂಮಿನಿಯಂಗಳಿಗೂ ಇದೇ ಜೋಡಣೆ ಇದೆ. ಆದರೆ ಅಲ್ಯೂಮಿನಿಯಂ ಗಾಳಿ ಸೋಕಿದೊಡನೆ ಆಕ್ಸೈಡಿನ ಹೊದಿಕೆ ಹೊದ್ದುಕೊಳ್ಳುತ್ತದೆ, ಬೆಳ್ಳಿ ಗಂಧಕಕ್ಕೆ ಕಪ್ಪಾಗುತ್ತದೆ. ಚಿನ್ನದ ರೇಕಿನಲ್ಲಿ ನಾನೂರರ ಆಸುಪಾಸಿನಷ್ಟೇ ಪರಮಾಣು ಪದರಗಳಿದ್ದರೂ, ನೂರಾರು ವರ್ಷ ಕಳೆದ ಮೇಲೂ ಅದು ಅಷ್ಟೇ ಹೊಸತು.

ಅಂಚಿಗೆ ಚಿನ್ನ ಹತ್ತಿಸುವ ಹಳೆಯ ಪದ್ಧತಿ ಪುಸ್ತಕ ಕಟ್ಟುವವರಿಂದ ಬಂದದ್ದು. ಕಟ್ಟನ್ನು ಎರಡು ಹಲಗೆಗಳ ನಡುವೆ ಇಟ್ಟು ಅದುರದ ಹಾಗೆ ಬಿಗಿಯುತ್ತಾರೆ. ಉಪ್ಪುಕಾಗದದಿಂದ ಉಜ್ಜಿ, ಐವತ್ತನಾಲ್ಕು ಅಂಚುಗಳು ಒಂದೇ ಗಾಜಿನ ಮೈಯಂತಾಗುವ ತನಕ ಬಿಡುವುದಿಲ್ಲ. ಕೆಲಸದ ಬಹುಪಾಲು ಹೊತ್ತು ಹೋಗುವುದು ಇಲ್ಲೇ. ಆಮೇಲೆ ನೀರು ಬೆರೆಸಿದ ಮೊಟ್ಟೆಯ ಬಿಳಿಲೋಳೆ ಸವರಿ, ರೇಕು ಕೂರಿಸಿ, ಒಣಗಿದ ಮೇಲೆ ಅಗೇಟ್ ಕಲ್ಲಿನಿಂದ ತಿಕ್ಕುತ್ತಾರೆ. ಓದುವವರಿಗೆ ಇಲ್ಲಿ ಒಂದು ಸಂಶಯ ಬರಬೇಕು: ಅಂಟು ಹಚ್ಚಿ ಲೋಹ ಹತ್ತಿಸಿದರೆ ಎಲೆಗಳೆಲ್ಲ ಒಂದಕ್ಕೊಂದು ಅಂಟಿ ಹೋಗುವುದಿಲ್ಲವೇ? ಸ್ವಲ್ಪ ಅಂಟಿಯೇ ಇರುತ್ತವೆ. ಹೊಸ ಕಟ್ಟನ್ನು ಮೊದಲ ಸಲ ಬಾಗಿಸಿದಾಗ ‘ಟರ್ರ್’ ಎಂಬ ಸದ್ದು ಕೇಳುತ್ತದಲ್ಲ, ಅದು ಐವತ್ತಮೂರು ಗಡಿಗಳಲ್ಲಿ ರೇಕು ಹರಿಯುವ ಸದ್ದು. ನಾನೂರು ಪರಮಾಣುಗಳ ದಪ್ಪಕ್ಕೆ ಎರಡು ಎಲೆಗಳನ್ನು ಹಿಡಿದಿಡುವ ತ್ರಾಣವಿಲ್ಲ, ಗೆರೆ ಕೊರೆದ ಹಾಗೆ ನೇರ ಸೀಳುತ್ತದೆ. ಇದೇ ಚಿನ್ನ ನೂರು ಪಟ್ಟು ದಪ್ಪ ಇದ್ದಿದ್ದರೆ ಅಂಚು ಚಿಂದಿಯಾಗಿ ಏಳುತ್ತಿತ್ತು. ಆದ್ದರಿಂದ ತೆಳ್ಳಗೆ ಹಚ್ಚುವುದನ್ನು ಬರೀ ಜಿಪುಣತನ ಅನ್ನಲಾಗದು, ಕೆಲಸ ನಡೆಯುವುದೇ ಹಾಗೆ. ಮತ್ತೆ, ಆ ಅಂಟನ್ನು ತಡೆಯುವುದು ಹಲಗೆಗಳ ಬಿಗಿತ. ಬಿಗಿ ಸಡಿಲವಾದರೆ ಲೋಳೆ ಸಂದಿಗೆ ಇಳಿದು ಕಟ್ಟು ಇಟ್ಟಿಗೆಯಾಗುತ್ತದೆ. ನಾನು ಅಪ್ಪನ ಕಾಲದ ಹಳೆಯ ಕಟ್ಟೊಂದರ ಮೇಲೆ ಕೈ ನೋಡಿ ಇಂಥ ಒಂದು ಇಟ್ಟಿಗೆ ಮಾಡಿದ್ದೇನೆ, ಈಗ ಅದು ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

ನಾಲ್ಕು ಸಾವಿರ ರೂಪಾಯಿ ಎಲ್ಲಿಗೆ ಹೋಯಿತೆಂಬುದು ಇಷ್ಟರಲ್ಲಿ ಒಂದಿಷ್ಟು ತಿಳಿದಿರಬೇಕು. ಹೊಳಪಿಗೆ ಖರ್ಚಿಲ್ಲ, ಹೊಳಪು ಕೂರುವ ತಳಕ್ಕೆ ಖರ್ಚು. ಇದನ್ನು ಚೆನ್ನಾಗಿ ಅರಿತಿದ್ದವರು ನಮ್ಮಲ್ಲೇ ಇದ್ದರು. ಅದಕ್ಕೆ ಇಸ್ಪೀಟು ಬಿಟ್ಟು ಗಂಜೀಫಾ ಎಂಬ ಹಳೆಯ ಎಲೆಯಾಟಕ್ಕೆ ಬರಬೇಕು.

ನಾವು ಆಡುವ ಇಸ್ಪೀಟು ಹಡಗಿನಲ್ಲಿ ಬಂದದ್ದು. ತುರುಫು ಎಂಬ ಮಾತು ಡಚ್ಚರ ‘ಟ್ರೂಫ್’, ಕಳಾವರ್ ಅವರ ‘ಕ್ಲಾವರ್’. ಗಂಜೀಫಾ ಬಂದದ್ದು ನೆಲದ ದಾರಿಯಲ್ಲಿ, ಪರ್ಷಿಯದ ಕಡೆಯಿಂದ. 1527ರಲ್ಲಿ ಬಾಬರ್ ಸಿಂಧ್‌ನ ಶಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳಿಸಿಕೊಟ್ಟ ಸಂಗತಿ ಬಾಬರ್‌ನಾಮಾದಲ್ಲಿದೆ. ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ಈ ಆಟದ ವಿವರವನ್ನೇ ಬರೆದಿಟ್ಟ. ಮೊಗಲ್ ಗಂಜೀಫಾದಲ್ಲಿ ಎಂಟು ಬಣ್ಣ, 96 ಎಲೆ. ಎಲೆಗಳೆಲ್ಲ ದುಂಡಗೆ, ನಾಣ್ಯದಂತೆ. ಒಂದು ಬಣ್ಣದ ಹೆಸರು ಸುರ್ಖ್, ಕೆಂಪು, ಅಂದರೆ ಚಿನ್ನದ ನಾಣ್ಯ. ಇನ್ನೊಂದು ಸಫೇದ್, ಬೆಳ್ಳಿಯ ನಾಣ್ಯ. ಹಗಲಿನಲ್ಲಿ ಆಡಿದರೆ ಚಿನ್ನದ ರಾಜ ಮೊದಲು ಇಳಿಯಬೇಕು, ರಾತ್ರಿಯಾದರೆ ಬೆಳ್ಳಿಯ ರಾಜ. ಇದೇ ಆಟ ಹಿಂದೂ ಮನೆಗಳಿಗೆ ಹೊಕ್ಕಾಗ ಹತ್ತು ಬಣ್ಣದ ದಶಾವತಾರ ಆಯಿತು: ಒಂದೊಂದು ಅವತಾರಕ್ಕೆ ರಾಜ, ಮಂತ್ರಿ, ಒಂದರಿಂದ ಹತ್ತು, ಒಟ್ಟು 120 ಎಲೆ. ಹಗಲಿನ ಆಟಕ್ಕೆ ರಾಮ, ಇರುಳಿಗೆ ಕೃಷ್ಣ.

ನಮ್ಮೂರಿನಿಂದ ಬಸ್ಸು ಹತ್ತಿದರೆ ಸಿಗುವ ಶಿರಾ 1687ರಿಂದ ಎಪ್ಪತ್ತು ವರ್ಷದ ಹತ್ತಿರ ಮೊಗಲರ ಒಂದು ಸುಬಾದ ರಾಜಧಾನಿಯಾಗಿತ್ತು. ಸುಬೇದಾರರು, ದಿವಾನರು, ಕಾರಕೂನರು ಬಂದು ಇಲ್ಲಿ ಕೂತರು. ಬೇಸಿಗೆಯ ಮಧ್ಯಾಹ್ನ ಶಿರಾದಲ್ಲಿ ಕಳೆದವರಿಗೆ ಗೊತ್ತು, ನೆರಳಿನಲ್ಲಿ ಕೂತು ಎಲೆ ಹಾಕುವುದಲ್ಲದೆ ಬೇರೆ ಕೆಲಸ ಸಾಧ್ಯವಿಲ್ಲ. ಅವರು ಗಂಜೀಫಾ ಆಡದೆ ಇದ್ದಿರಲಾರರು ಎಂಬುದು ನನ್ನ ಊಹೆ, ಊಹೆ ಮಾತ್ರ.

ಮೈಸೂರಿನದು ಊಹೆಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡರು. ರಾಜ್ಯವಿಲ್ಲದ ರಾಜರಿಗೆ ಸಮಯ ಬೇಕಾದಷ್ಟಿತ್ತು, ಬುದ್ಧಿ ಅದಕ್ಕಿಂತ ಹೆಚ್ಚಿತ್ತು. ಚದುರಂಗದ ಕುದುರೆಯ ನಡೆಯಲ್ಲಿ ಒಗಟು ಕಟ್ಟಿದರು, ಹಾಗೇ ಎಲೆಯಾಟಗಳನ್ನೂ ಕಟ್ಟಿದರು. ಶ್ರೀತತ್ತ್ವನಿಧಿ ಎಂಬ ಅವರ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಇವಕ್ಕೆ ಛದ ಎಂದು ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ, ನಾವು ಇವತ್ತಿಗೂ ‘ಎಲೆ ಹಾಕು’ ಎನ್ನುವುದಿಲ್ಲವೇ. ಕೆಲವು ಆಟಗಳಲ್ಲಿ ಹದಿನೆಂಟು ಬಣ್ಣ, 360 ಎಲೆ. ಅರಮನೆಯ ಹೊರಗೆ ಇವು ಹೆಚ್ಚು ಹರಡಲಿಲ್ಲ. ಹರಡುವುದಾದರೂ ಹೇಗೆ, 360 ಎಲೆಗಳನ್ನು ಕೈಯಲ್ಲಿ ಬರೆದು ಮುಗಿಸುವಷ್ಟರಲ್ಲಿ ಆಟಗಾರರ ತಲೆ ನೆರೆಯುತ್ತದೆ. ನನ್ನ ಸೋದರಸೊಸೆಯ ಸಾವಿರ ಪ್ರತಿಯ ಸೀಮಿತ ಮುದ್ರಣ ಇದರ ಮುಂದೆ ಸಂತೆ ಸರಕು.

ಆ ಕಾಲದವರೂ ಸಂತೆಯನ್ನೂ ಅರಮನೆಯನ್ನೂ ಬೇರೆ ಬೇರೆ ಇಟ್ಟಿದ್ದರು. ದರ್ಬಾರ್ ಕಲಮ್ ಎಂದರೆ ದಂತ, ಆಮೆಚಿಪ್ಪು, ಮುತ್ತಿನ ಚಿಪ್ಪಿನ ಎಲೆಗಳು, ಚಿನ್ನದ ಕೆಲಸ. ಬಜಾರ್ ಕಲಮ್ ಎಂದರೆ ಬಟ್ಟೆ, ಮರ, ತಾಳೆಗರಿ, ಅರೆದ ಕಾಗದ. ಇಂದು ಮೈಸೂರಿನ ಗಂಜೀಫಾಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಗಂಜೀಫಾ ರಘುಪತಿ ಭಟ್ಟರಂಥ ಕಲಾವಿದರು ಮತ್ತೆ ಕೈಗೆತ್ತಿಕೊಂಡಿದ್ದರಿಂದ ಅದು ವಸ್ತುಸಂಗ್ರಹಾಲಯದ ಗಾಜಿನಿಂದ ಹೊರಬಂತು. ಒಡಿಶಾದ ರಘುರಾಜಪುರ, ಕೊಂಕಣದ ಸಾವಂತವಾಡಿಗಳಲ್ಲೂ ಇನ್ನೂ ಬರೆಯುವವರಿದ್ದಾರೆ. ಅಲ್ಲಿನ ಬಜಾರ್ ಎಲೆಯ ತಳಕ್ಕೆ ಬೇಕಾದ ಮುಖ್ಯ ಸಾಮಗ್ರಿ ಏನು ಗೊತ್ತೇ? ಹುಣಸೆಬೀಜ.

ಇಲ್ಲಿಗೆ ಕತೆ ನಮ್ಮ ಹಿತ್ತಿಲಿಗೇ ಬಂತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಒಣ ನೆಲದಲ್ಲಿ ಯಾರೂ ನೀರು ಹಾಕದೆ ಬೆಳೆಯುವ ಮರ ಹುಣಸೆ. ಸುಗ್ಗಿಯಲ್ಲಿ ಮನೆ ಮನೆಯ ಅಂಗಳದಲ್ಲಿ ಹೆಂಗಸರು ಕೂತು ಸಿಪ್ಪೆ ಬಿಡಿಸಿ, ಬೀಜ ಕುಟ್ಟಿ ತೆಗೆದು, ಹಣ್ಣನ್ನು ತುಮಕೂರಿನ ಮಂಡಿಗೆ ಕಳಿಸುತ್ತಾರೆ. ಕಾಯಿಯ ತೂಕದಲ್ಲಿ ಮೂರನೇ ಒಂದು ಪಾಲು ಬೀಜವೇ. ಹುಡುಗರಾಗಿದ್ದಾಗ ನಮಗೆ ಬೀಜದ ಉಪಯೋಗ ಒಂದೇ ಗೊತ್ತಿತ್ತು: ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬಿಳಿ ಮಾಡಿಕೊಂಡು ಚೌಕಾಬಾರ ಆಡುವುದು. ಅದರ ಬಿಳಿ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಸೈಲೋಗ್ಲೂಕನ್ ಎಂಬ ಪಿಷ್ಟದಂಥ ವಸ್ತು. ಹೆಸರು ಬಾಯಿಗೆ ತೊಡಕು, ಕೆಲಸ ಸರಳ. ಅದರ ಬೆನ್ನೆಲುಬು ಗ್ಲೂಕೋಸಿನ ಸರಪಳಿ, ಹತ್ತಿ ಬಟ್ಟೆ ಮತ್ತು ಕಾಗದದ ಸೆಲ್ಯುಲೋಸಿನಲ್ಲಿರುವ ಸರಪಳಿಯೇ. ಮಗ್ಗುಲಿಗೆ ಸಣ್ಣ ಸಕ್ಕರೆಗಳ ಕವಲುಗಳಿವೆ. ಕವಲುಗಳಿಂದಾಗಿ ನೀರಿನಲ್ಲಿ ಕರಗುತ್ತದೆ, ಬೆನ್ನೆಲುಬಿನಿಂದಾಗಿ ಸೆಲ್ಯುಲೋಸಿಗೆ ರಕ್ತಸಂಬಂಧಿಯ ಹಾಗೆ ಅಪ್ಪಿಕೊಳ್ಳುತ್ತದೆ. ಗಿಡಗಳ ಜೀವಕೋಶದ ಗೋಡೆಯಲ್ಲೂ ಈ ಜಾತಿಯ ವಸ್ತು ಮಾಡುವುದು ಇದನ್ನೇ, ಸೆಲ್ಯುಲೋಸಿನ ಎಳೆಗಳನ್ನು ಕಟ್ಟಿ ಹಾಕುವುದು. ನೂಲಿಗೆ ಗಂಜಿ ಹಾಕುವ ಗಿರಣಿಗಳು ಹುಣಸೆಬೀಜದ ಪುಡಿ ಕೊಳ್ಳುವುದೂ ಅದಕ್ಕೇ.

ಬರೀ ಓದಿ ಬರೆಯುವುದು ಬೇಡವೆಂದು ನಾನೂ ಸೊಸೆಯೂ ಅವತ್ತೇ ಒಂದು ಸೇರು ಬೀಜ ಹುರಿಯಲು ಇಟ್ಟೆವು. ಹುರಿದರೆ ಕಂದು ಸಿಪ್ಪೆ ಬಿರಿಯುತ್ತದೆ. ಕುಟ್ಟಿ ಸಿಪ್ಪೆ ಕೇರಿ, ತಿರುಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ರುಬ್ಬಿ, ಸಣ್ಣ ಉರಿಯಲ್ಲಿ ರಾಗಿ ಅಂಬಲಿಯಂತೆ ತಿರುವುತ್ತಾ ಕುದಿಸಿದೆವು. ಅರ್ಧ ಗಂಟೆಗೆ ಸೌಟಿನಿಂದ ನೂಲಿನಂತೆ ಇಳಿಯುವ, ಬೆರಳಿಗೆ ಜಾರುವ ಮಂದ ಅಂಟು ಸಿದ್ಧವಾಯಿತು. ದೊಡ್ಡಪ್ಪನ ಹಳೆಯ ಪಂಚೆಯನ್ನು ಹರಿದು ಮೂರು ಪದರ ಅಂಟಿಸಿ, ಮೇಲೆ ಅದೇ ಅಂಟಿನಲ್ಲಿ ಕಲಸಿದ ಸುಣ್ಣದ ಕಲ್ಲಿನ ನಯವಾದ ಪುಡಿ ಬಳಿದು, ಜಗಲಿಯ ಮೇಲೆ ಒಣಹಾಕಿದೆವು. ಸಂಜೆಗೆ ನೋಡಿದರೆ ಹಾಳೆ ಹಪ್ಪಳದಂತೆ ಮುದುರಿಕೊಂಡು ಕೂತಿತ್ತು.

ತಪ್ಪು ನಮ್ಮದೇ. ಒಂದೇ ಮಗ್ಗುಲಿಗೆ ಬಳಿದಿದ್ದೆವು. ಒಣಗುವಾಗ ಬಳಿದ ಪದರ ಕುಗ್ಗುತ್ತದೆ, ಬಟ್ಟೆ ಅಷ್ಟು ಕುಗ್ಗುವುದಿಲ್ಲ, ಹಾಳೆ ಕುಗ್ಗಿದ ಕಡೆಗೆ ಬಾಗುತ್ತದೆ. ಇಸ್ಪೀಟು ಕಾರ್ಖಾನೆಯವರಿಗೂ ಕಾಡುವ ಸಮಸ್ಯೆ ಇದು. ಅವರು ಒಂದೇ ದಪ್ಪ ಕಾಗದ ಬಳಸದೆ ಎರಡು ತೆಳು ಕಾಗದಗಳನ್ನು ಬೆನ್ನಿಗೆ ಬೆನ್ನು ಅಂಟಿಸುತ್ತಾರೆ, ಎರಡೂ ಮುಖಕ್ಕೆ ಒಂದೇ ಸಮನಾದ ಲೇಪ ಕೊಡುತ್ತಾರೆ. ಎಡಗಡೆ ಎಳೆದಷ್ಟೇ ಬಲಗಡೆಯೂ ಎಳೆದರೆ ಎಲೆ ನಡುವೆ ನೆಟ್ಟಗೆ ನಿಲ್ಲುತ್ತದೆ. ನಡುವಿನ ಅಂಟಿಗೆ ಕಪ್ಪು ಬೆರೆಸುವುದು ಬೇರೆ ಕಾರಣಕ್ಕೆ, ದೀಪಕ್ಕೆ ಹಿಡಿದರೆ ಆಚೆಯ ಚಿತ್ರ ಕಾಣಬಾರದು. ನಾವು ಎರಡನೇ ಸಲ ಎರಡೂ ಮಗ್ಗುಲಿಗೆ ಬಳಿದು, ಬೋರಲು ಹಾಕಿದ ಒರಳಿನ ಕೆಳಗೆ ಒತ್ತಿ ಒಣಗಿಸಿದೆವು. ಆಮೇಲೆ ಹಳ್ಳದ ನುಣುಪು ಕಲ್ಲಿನಿಂದ ಎರಡು ದಿನ ತಿಕ್ಕಿದೆವು, ಸರದಿಯ ಮೇಲೆ. ಸುಣ್ಣದ ಪುಡಿಯ ಹರಳುಗಳು ಕುಸಿದು ಸಂದಿಗಳಲ್ಲಿ ಕೂರುತ್ತಾ, ಮೈ ಮೊದಲು ರೇಷ್ಮೆಯಂತೆ, ಆಮೇಲೆ ಮೊಟ್ಟೆಯಂತೆ ಆಯಿತು. ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದು ಏಳು ಸೆಂಟಿಮೀಟರ್ ಅಡ್ಡಳತೆಯ ಹನ್ನೆರಡು ಬಿಲ್ಲೆ ಕತ್ತರಿಸಿದಳು ಸೊಸೆ. ಒಂದೇ ಬಣ್ಣದ ಹನ್ನೆರಡು ಎಲೆ, ಕಲ್ಕಿಯದು. ಕಲ್ಕಿಯನ್ನು ಯಾಕೆ ಆರಿಸಿದಳೋ, ಕತ್ತಿ ಬರೆಯುವುದು ಸುಲಭ ಎಂದಿರಬೇಕು.

ಇನ್ನು ಉಳಿದದ್ದು ಚಿನ್ನ. ಮೈಸೂರು ಚಿತ್ರಗಳಲ್ಲಿ ಚಿನ್ನದ ಕೆಳಗೆ ಉಬ್ಬು ಕೆಲಸ ಇರುತ್ತದೆ. ತಂಜಾವೂರಿನದರ ಹಾಗೆ ದಪ್ಪ ಉಬ್ಬಲ್ಲ. ಕಣ್ಣಿಗಿಂತ ಬೆರಳಿಗೆ ಮೊದಲು ಗೊತ್ತಾಗುವಂಥದ್ದು. ಬಿಳಿ ಪುಡಿ, ಗೋಂದು ಮತ್ತು ಗ್ಯಾಂಬೋಜ್ ಎಂಬ ಹಳದಿ ಹಾಲಂಟನ್ನು ಅರೆದು ಕುಂಚದಲ್ಲಿ ಗೆರೆ ಗೆರೆಯಾಗಿ ಇಡುತ್ತಾರೆ. ಹಿಂದೆ ಆ ಬಿಳಿ ಸೀಸದ್ದು. ಸೀಸ ನರಗಳಿಗೆ ವಿಷ, ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುವ ಕೈಗೆ ಅದಕ್ಕಿಂತ ಕೆಟ್ಟದ್ದಿಲ್ಲ. ಈಗ ಸತುವಿನ ಆಕ್ಸೈಡ್ ಇದೆ. ಗ್ಯಾಂಬೋಜ್ ನಮ್ಮ ಮುರುಗಲು, ಉಪ್ಪಾಗೆಗಳ ದಾಯಾದಿ ಮರದ ತೊಗಟೆಯಿಂದ ಒಸರುವ ಅಂಟು. ಅದು ಹಳದಿ ಆಗಿರುವುದರಲ್ಲೂ ಒಂದು ಉಪಾಯವಿದೆ: ರೇಕಿನಲ್ಲಿ ಕಣ್ಣಿಗೆ ಕಾಣದ ತೂತು, ಬಿರುಕು ಇದ್ದೇ ಇರುತ್ತವೆ, ಕೆಳಗೆ ಹಳದಿಯೇ ಇದ್ದರೆ ಅವು ಮರೆಯಾಗುತ್ತವೆ. ಯುರೋಪಿನವರು ಇದೇ ಕೆಲಸಕ್ಕೆ ಕೆಂಪು ಜೇಡಿ ಬಳಸಿದರು, ಅವರ ಚಿನ್ನ ಅದಕ್ಕೇ ಸ್ವಲ್ಪ ಕೆಂಪಗೆ ಬೆಚ್ಚಗೆ ಕಾಣುತ್ತದೆ.

ನಮ್ಮ ಹತ್ತಿರ ಗ್ಯಾಂಬೋಜ್ ಇರಲಿಲ್ಲ. ಜಾಲಿ ಜಾತಿಯ ಗೋಂದಿಗೆ ಎರಡು ತೊಟ್ಟು ಜೇನು, ಚಿಟಿಕೆ ಅರಿಸಿನ ಸೇರಿಸಿ ಕತ್ತಿಯ ಆಕಾರ ಬರೆದು ಒಣಗಿಸಿದೆವು. ರೇಕನ್ನು ಬೆರಳಿನಲ್ಲಿ ಎತ್ತಲಾಗದು. ಮುಟ್ಟಿದ ತಕ್ಷಣ ಚರ್ಮದ ಜಿಡ್ಡಿಗೆ ಹತ್ತಿ ಕಾಣೆಯಾಗುತ್ತದೆ. ಉಸಿರು ಬಿಟ್ಟರೆ ಹಾರುತ್ತದೆ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಎಲ್ಲರಿಗೂ ಮಾತು ನಿಲ್ಲಿಸಲು ಹೇಳಿ, ಮೃದು ಕುಂಚವನ್ನು ಕೆನ್ನೆಗೆ ಒಮ್ಮೆ ಸವರಿಕೊಂಡು (ಅಷ್ಟೇ ಜಿಡ್ಡು ಸಾಕು) ರೇಕಿನ ತುಣುಕನ್ನು ಎತ್ತಿದಳು. ಇನ್ನೊಂದು ಕೈಯಲ್ಲಿ ಬಿಲ್ಲೆಯನ್ನು ಬಾಯಿಯ ಹತ್ತಿರ ಹಿಡಿದು ‘ಹಾ’ ಎಂದು ಬಿಸಿ ಉಸಿರು ಬಿಟ್ಟಳು. ಒಣಗಿದ ಗೋಂದು ಆ ಹಬೆಯ ತೇವಕ್ಕೆ ಎರಡು ಮೂರು ಕ್ಷಣ ಅಂಟಂಟಾಗುತ್ತದೆ. ಅಷ್ಟರೊಳಗೆ ಚಿನ್ನ ಇಟ್ಟುಬಿಡಬೇಕು. ರೇಕು ಬಿಲ್ಲೆಯ ಹತ್ತಿರ ಬಂದದ್ದೇ ತಡ, ಅವಳು ಬಿಡುವ ಮೊದಲೇ ಅದೇ ನೆಗೆದು ಕೂತಿತು. ಕತ್ತಿಯ ಆಚೆಗೆ ಚಾಚಿಕೊಂಡಿದ್ದನ್ನು ಕುಂಚದಲ್ಲಿ ಗುಡಿಸಿದರೆ ಪುಡಿಯಾಗಿ ಹೋಯಿತು, ಗೋಂದಿದ್ದ ಕಡೆ ಮಾತ್ರ ಬಾಗಿದ ಕತ್ತಿ ಉಳಿಯಿತು. ತುಣುಕಿನ ಮೇಲೆ ತುಣುಕು ಬಿದ್ದಲ್ಲಿ ನುಣುಪು ಕಲ್ಲಿನಿಂದ ಮೆಲ್ಲಗೆ ಒತ್ತಿದರೆ ಎರಡೂ ಒಂದಾದವು. ಆಕ್ಸೈಡಿನ ಅಡ್ಡಗೋಡೆ ಇಲ್ಲದ್ದರಿಂದ ಚಿನ್ನ ಚಿನ್ನವನ್ನು ಬೆಂಕಿಯಿಲ್ಲದೆ ಬೆಸೆದುಕೊಳ್ಳುತ್ತದೆ.

ಅವತ್ತು ರಾತ್ರಿ ಮತ್ತೊಂದು ಲೆಕ್ಕ ಹಾಕಿದೆ. 120 ಎಲೆಗಳ ಇಡೀ ದಶಾವತಾರ ಕಟ್ಟಿನ ಒಂದು ಮುಖ ಪೂರ್ತಿ, ಒಂದಿಷ್ಟೂ ಬಿಡದೆ, ಚಿನ್ನ ಹೊದಿಸಿದರೆ ಎಷ್ಟು ಬೇಕು? 0.89 ಗ್ರಾಂ. ಒಂದು ಗ್ರಾಂಗೂ ಕಮ್ಮಿ, ಏಳೂವರೆ ಗುಲಗಂಜಿ. ನಮ್ಮ ತುಮಕೂರು ಜಿಲ್ಲೆಯಲ್ಲೇ ಅಜ್ಜನಹಳ್ಳಿಯ ಕಬ್ಬಿಣದ ಪಟ್ಟೆಕಲ್ಲುಗಳಲ್ಲಿ ಚಿನ್ನವಿದೆ, ಹಟ್ಟಿ ಚಿನ್ನದ ಗಣಿ ಕಂಪನಿ ಅಲ್ಲಿ ಗಣಿ ತೆರೆದಿತ್ತು. ಅಂಥ ಅದಿರಿನಲ್ಲಿ ಟನ್ನಿಗೆ ಸಿಗುವುದು ಕೆಲವೇ ಗ್ರಾಂ. ಅಂದರೆ ಒಂದು ಎತ್ತಿನ ಗಾಡಿ ತುಂಬ ಕಲ್ಲು ಪುಡಿ ಮಾಡಿದರೆ ಇಂಥ ಒಂದು ಕಟ್ಟಿಗಾಗುವಷ್ಟು ಚಿನ್ನ. ಪಾವಗಡದ ತಿರುಮಣಿಯ ಬಯಲಿನಲ್ಲಿ 13,000 ಎಕರೆಯಲ್ಲಿ ಹರಡಿರುವ ಸೌರಫಲಕಗಳಿಗೂ ಇದೇ ಜಾಣತನ: ಸಿಲಿಕಾನಿನ ಮೇಲೆ ಕಾಣುವ ಕೂದಲೆಳೆಯ ಗೆರೆಗಳು ಬೆಳ್ಳಿಯವು, ಜಾಲರಿಯ ಮೂಲಕ ಅಚ್ಚು ಹಾಕಿದಂಥವು. ದುಬಾರಿ ಲೋಹವನ್ನು ಎಷ್ಟು ಕಡಿಮೆ ಇಟ್ಟು ಕೆಲಸ ನಡೆಸಬಹುದು ಎಂಬ ಪೈಪೋಟಿ ಅಲ್ಲಿ ಇನ್ನೂ ನಡೆದಿದೆ.

ಹನ್ನೆರಡು ಎಲೆಯಲ್ಲಿ ಗಂಜೀಫಾ ಆಡಲಾಗದು. ಆದರೂ ಮಾಡಿದ ಮೇಲೆ ಆಡದೆ ಇರುವುದು ಹೇಗೆ? ಪಕ್ಕದ ಮನೆಯವರೂ ಸೇರಿ ನಾಲ್ವರು ಕೂತೆವು. ಒಬ್ಬೊಬ್ಬರಿಗೆ ಮೂರೆಲೆ, ದೊಡ್ಡದು ಹಾಕಿದವರು ಪಟ್ಟು ಎತ್ತುವುದು, ಅಷ್ಟೇ ನಿಯಮ. ಎಲೆ ಕಲಸುವುದೇ ಮೊದಲ ತೊಡಕಾಯಿತು. ಇಸ್ಪೀಟನ್ನು ಎರಡು ಪಾಲು ಮಾಡಿ ಟರ್ರನೆ ಒಂದರೊಳಗೊಂದು ಬಿಡುವ ಹಾಗೆ ದುಂಡು ಬಿಲ್ಲೆಗಳನ್ನು ಬಿಡಲಾಗದು. 52 ಎಲೆಗಳನ್ನು ಹಾಗೆ ಏಳು ಸಲ ಬಿಟ್ಟರೆ ಸಾಕಷ್ಟು ಕಲೆಯುತ್ತವೆ ಎಂದು 1992ರಲ್ಲಿ ಗಣಿತಜ್ಞರಾದ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ತೋರಿಸಿಕೊಟ್ಟರು. ಗಂಜೀಫಾ ಆಟಗಾರರು ಎಲೆಗಳನ್ನು ಬಟ್ಟೆಯ ಮೇಲೆ ಬೋರಲು ಸುರಿದು ಎರಡೂ ಕೈಯಿಂದ ಕಲಸುತ್ತಿದ್ದರು, ಅನ್ನ ಕಲಸಿದ ಹಾಗೆ. ಡಯಾಕೊನಿಸ್ ಆಮೇಲೆ ಈ ಬಗೆಯ ಕಲಸುವಿಕೆಯ ಗಣಿತಕ್ಕೂ ಕೈ ಹಾಕಿದರು, ಅದು ಇದಕ್ಕಿಂತ ಜಟಿಲ. 52 ಎಲೆಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ 68 ಅಂಕಿಗಳದ್ದು. 120 ಎಲೆಯದು 199 ಅಂಕಿಗಳದ್ದು. ನಮ್ಮ ಹನ್ನೆರಡಕ್ಕೆ ಬರೀ 47,90,01,600.

ಅಷ್ಟು ಬಗೆಗಳಿದ್ದರೂ ದೊಡ್ಡಪ್ಪ ಸೋಲಲಿಲ್ಲ. ಮೊದಲ ಆಟ ಗೆದ್ದರು, ಎರಡನೆಯದೂ. ಮೂರನೆಯದರಲ್ಲಿ ನಾನು ಕಲ್ಕಿಯ ರಾಜನನ್ನು ಹಿಡಿದುಕೊಂಡು, ಅವರು ಮಂತ್ರಿ ಹಾಕಲೆಂದು ಕಾಯುತ್ತಿದ್ದೆ. ಅವರು ಮಂತ್ರಿಯನ್ನು ಕೈಯಿಂದ ಬಿಡಲೇ ಇಲ್ಲ. ಐದಾರು ಆಟ ಕಳೆದ ಮೇಲೆ ಸೊಸೆ ಕೇಳಿಯೇಬಿಟ್ಟಳು.

‘ತಾತ, ನಿಜ ಹೇಳು, ಎಲೆ ಹೆಂಗೆ ಗೊತ್ತಾಗುತ್ತೆ ನಿಂಗೆ?’

ಅವರು ನನ್ನ ಕೈಯಲ್ಲಿದ್ದ ಮೂರು ಎಲೆಗಳ ಬೆನ್ನನ್ನು ಕಣ್ಣಲ್ಲೇ ತೋರಿಸಿದರು. ಚಿನ್ನ ಗುಡಿಸಿದಾಗ ಹಾರಿದ ಪುಡಿಯ ಒಂದು ಚೂರು, ಸಾಸಿವೆಯ ಕಾಲು ಭಾಗದಷ್ಟು, ರಾಜನ ಬೆನ್ನಿನ ಅಂಚಿಗೆ ಹತ್ತಿ ಕೂತಿತ್ತು. ಮಂತ್ರಿಯ ಬಿಲ್ಲೆ ಒಂದು ಕಡೆ ಕೂದಲೆಳೆಯಷ್ಟು ಚಪ್ಪಟೆ. ಏಳರ ಬೆನ್ನಿಗೆ ಪಂಚೆಯ ಅಂಚಿನ ಹಸಿರು ನೂಲು ಸುಣ್ಣದ ಕೆಳಗಿಂದ ಮಸುಕಾಗಿ ಕಾಣುತ್ತಿತ್ತು.

‘ನನ್ನ ಪಂಚೆ ನಂಗೆ ಗೊತ್ತಾಗಾಕಿಲ್ವಾ’ ಅಂದು ಅವರು ಎಲೆಗಳನ್ನು ಮತ್ತೆ ಕಲಸಲು ಹಾಕಿದರು.